ಹತ್ತನೇ ವರ್ಷದ ಬಿಡಿಭಾಗ

ಮಂಗಳೂರಿನ ಕುಂಟಿಕಾನದಿಂದ ಕೊಟ್ಟಾರ ಚೌಕಿಯ ಕಡೆ ಬರುವ ಹೆದ್ದಾರಿಯಲ್ಲಿ ಗಾಜಿನ ಗೋಡೆಗಳ ಕಾರು ಮಳಿಗೆಗಳಿವೆ. ಹೊಸ ಕಾರಿಗೆ ಹೂಮಾಲೆ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು, ಮನೆಮಂದಿಯೆಲ್ಲ ಸೇರಿ ಕೀಲಿ ಪಡೆಯುವ ಫೋಟೊ ತೆಗೆಸಿಕೊಳ್ಳುವುದು ಅಲ್ಲಿನ ನಿತ್ಯದ ನೋಟ. ಹೆದ್ದಾರಿ ಬಿಟ್ಟು ಒಳರಸ್ತೆಗೆ ತಿರುಗಿದರೆ ತಗಡಿನ ಮಾಡಿನ ಗ್ಯಾರೇಜುಗಳು ಸಿಗುತ್ತವೆ. ಅಲ್ಲಿ ಕೆಎ 19 ನಂಬರಿನ ಹಳೆಯ ಸ್ಯಾಂಟ್ರೊಗಳು ಇನ್ನೂ ಬಂದು ನಿಲ್ಲುತ್ತವೆ. ಬಣ್ಣ ಮಾಸಿದೆ, ಬಂಪರಿಗೆ ಗೀರು ಬಿದ್ದಿದೆ, ಆದರೆ ಕೀಲಿ ತಿರುಗಿಸಿದರೆ ಎಂಜಿನ್ ಎದ್ದೇಳುತ್ತದೆ. ಕಾರು ಕಂಪನಿಯೊಂದರ ನಿಜವಾದ ಚರಿತ್ರೆ ಬೇಕಾದವರು ಗಾಜಿನ ಮಳಿಗೆಗಿಂತ ಮೊದಲು ಈ ತಗಡಿನ ಮಾಡಿನಡಿ ವಿಚಾರಿಸಬೇಕು ಎಂಬುದು ನನ್ನ ನಂಬಿಕೆ.

ಹ್ಯುಂಡೈ ವಿಷಯದಲ್ಲಂತೂ ಇದು ಇನ್ನಷ್ಟು ನಿಜ. ಆ ಕಂಪನಿಯ ಮೂಲವೇ ಒಂದು ಗ್ಯಾರೇಜು. ಸ್ಥಾಪಕ ಚುಂಗ್ ಜು-ಯುಂಗ್ 1915ರಲ್ಲಿ, ಈಗ ಉತ್ತರ ಕೊರಿಯಾಕ್ಕೆ ಸೇರಿರುವ ಹಳ್ಳಿಯೊಂದರ ಬಡ ರೈತ ಕುಟುಂಬದಲ್ಲಿ ಹುಟ್ಟಿದವರು. ಹಲವು ಬಾರಿ ಮನೆ ಬಿಟ್ಟು ಓಡಿದ ಹುಡುಗ. ಒಮ್ಮೆಯಂತೂ ಅಪ್ಪ ದನ ಮಾರಿ ತಂದಿದ್ದ ಹಣವನ್ನೇ ಎತ್ತಿಕೊಂಡು ಪಟ್ಟಣ ಸೇರಿದ್ದರು. ಕೂಲಿ ಮಾಡಿ, ಅಕ್ಕಿ ಅಂಗಡಿಯಲ್ಲಿ ದುಡಿದು, ಕೊನೆಗೆ 1940ರಲ್ಲಿ ಸೋಲ್ ನಗರದಲ್ಲಿ ವಾಹನ ರಿಪೇರಿ ಅಂಗಡಿ ತೆರೆದರು. ತೆರೆದ ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು, ರಿಪೇರಿಗೆ ಬಂದಿದ್ದ ಗಿರಾಕಿಗಳ ವಾಹನಗಳ ಸಮೇತ ಎಲ್ಲವೂ ಸುಟ್ಟುಹೋಯಿತು. ಮೊದಲು ಸಾಲ ಕೊಟ್ಟವರ ಬಳಿಯೇ ಮತ್ತೆ ಸಾಲ ಕೇಳಿ ಎರಡನೇ ಬಾರಿ ಅಂಗಡಿ ಕಟ್ಟಿದರು. ಬೇರೆ ಗ್ಯಾರೇಜುಗಳು ವಾರಗಟ್ಟಲೆ ಇಟ್ಟುಕೊಳ್ಳುತ್ತಿದ್ದ ವಾಹನವನ್ನು ಬೇಗ ರಿಪೇರಿ ಮಾಡಿ ಕೊಡುವುದು, ಅದಕ್ಕೆ ತಕ್ಕ ಮಜೂರಿ ಕೇಳುವುದು ಅವರ ವ್ಯಾಪಾರದ ಕ್ರಮ. ಗಾಡಿ ನಿಂತರೆ ಒಡೆಯನ ದುಡಿಮೆಯೂ ನಿಲ್ಲುತ್ತದೆ ಎಂಬುದನ್ನು ಅವರು ಅಷ್ಟು ಹಿಂದೆಯೇ ಅರಿತಿದ್ದರು.

1947ರಲ್ಲಿ ಕಟ್ಟಡ ಗುತ್ತಿಗೆಯ ಕಂಪನಿ, 1967ರಲ್ಲಿ ಮೋಟಾರು ಕಂಪನಿ. ಉಲ್ಸಾನ್ ಎಂಬ ಕಡಲ ತೀರದ ಊರಿನಲ್ಲಿ ಮೊದಲು ಜೋಡಿಸಿದ್ದು ಫೋರ್ಡ್ ಕಂಪನಿಯ ಕೊರ್ಟಿನಾ. ಸ್ವಂತ ಕಾರು ಬೇಕೆಂದಾಗ ಊರೂರಿನಿಂದ ವಿದ್ಯೆ ತಂದರು: ಚಿತ್ರ ಬರೆದುಕೊಟ್ಟವರು ಇಟಲಿಯ ಜ್ಯೋರ್ಜೆತ್ತೊ ಜುಜಾರೊ, ಎಂಜಿನ್ ಜಪಾನಿನ ಮಿತ್ಸುಬಿಶಿಯದು, ಮೇಲುಸ್ತುವಾರಿಗೆ ಬ್ರಿಟನ್ನಿನ ಜಾರ್ಜ್ ಟರ್ನ್‌ಬುಲ್. 1974ರಲ್ಲಿ ಟೂರಿನ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಪೋನಿ, 1975ರ ಕೊನೆಗೆ ಕಾರ್ಖಾನೆಯಿಂದ ಹೊರಬಂತು.

ಇಲ್ಲಿ ನಮ್ಮ ಕರಾವಳಿಯವರು ಗಮನಿಸಬೇಕಾದ ಒಂದು ಸಂಗತಿಯಿದೆ. ಆ ಹೊತ್ತಿನಲ್ಲಿ ಹ್ಯುಂಡೈ ಬಳಗಕ್ಕೆ ಬಲ ತುಂಬಿದ್ದು ಗಲ್ಫ್. ತೈಲದ ಬೆಲೆ ಏರಿ ಅರಬ್ ದೇಶಗಳಲ್ಲಿ ಹಣ ಹರಿಯುತ್ತಿದ್ದಾಗ, 1976ರಲ್ಲಿ ಸೌದಿ ಅರೇಬಿಯಾದ ಜುಬೈಲ್ ಬಂದರು ಕಟ್ಟುವ ಸುಮಾರು 93 ಕೋಟಿ ಡಾಲರಿನ ಗುತ್ತಿಗೆ ಚುಂಗ್ ಅವರ ಕೈಗೆ ಬಂತು. ಉಕ್ಕಿನ ಕಂಬಗಳನ್ನು ಉಲ್ಸಾನಿನಲ್ಲೇ ತಯಾರಿಸಿ, ತೇಲು ದೋಣಿಗಳಲ್ಲಿ ಹೇರಿ, ಹಿಂದೂ ಮಹಾಸಾಗರ ದಾಟಿಸಿ ಅಲ್ಲಿಗೆ ಸಾಗಿಸಿದರು. ಅದೇ ಎಪ್ಪತ್ತರ ದಶಕದಲ್ಲಿ ಮಂಗಳೂರು, ಉಡುಪಿ, ಕಾಸರಗೋಡಿನ ಹುಡುಗರು ಕುವೈತ್, ಬಹರೈನ್, ದಮ್ಮಾಮ್‌ಗಳ ಹಾದಿ ಹಿಡಿದಿದ್ದರು. ಅವರು ಕಳುಹಿಸಿದ ದಿನಾರು, ರಿಯಾಲುಗಳಿಂದ ಕೊಟ್ಟಾರ, ಉರ್ವ, ಬಿಜೈಗಳಲ್ಲಿ ತಾರಸಿ ಮನೆಗಳು ಎದ್ದವು. ಮನೆಯ ಮುಂದೆ ಕಾರು ನಿಲ್ಲಿಸುವ ಜಾಗವೂ ಆಯಿತು. ಕೊರಿಯಾದ ಕಾರ್ಖಾನೆಯೂ ನಮ್ಮ ಅಂಗಳದ ಕಾರೂ ಒಂದೇ ತೈಲದ ದುಡ್ಡಿನಲ್ಲಿ ಬೆಳೆದವು ಎನ್ನುವುದು ಉತ್ಪ್ರೇಕ್ಷೆಯಲ್ಲ.

ಭಾರತದ ಕಂಪನಿ ನೋಂದಣಿಯಾದದ್ದು 1996ರ ಮೇ ತಿಂಗಳಲ್ಲಿ. ಚೆನ್ನೈ ಹೊರವಲಯದ ಶ್ರೀಪೆರಂಬುದೂರು ಬಳಿಯ ಇರುಂಗಾಟ್ಟುಕೋಟ್ಟೈನಲ್ಲಿ ಕಾರ್ಖಾನೆ ಎದ್ದಿತು. 1998ರ ಸೆಪ್ಟೆಂಬರ್ 23ರಂದು ಸ್ಯಾಂಟ್ರೊ ಮಾರುಕಟ್ಟೆಗೆ ಬಂತು. ಅದೇ ವರ್ಷದ ಜೂನಿನಲ್ಲಿ, 82 ವರ್ಷದ ಚುಂಗ್ 500 ದನಗಳನ್ನು ಲಾರಿಗಳಲ್ಲಿ ಹೇರಿಕೊಂಡು ಪಾನ್ಮುಂಜೊಮ್ ಗಡಿ ದಾಟಿ ಉತ್ತರ ಕೊರಿಯಾಕ್ಕೆ ಹೋಗಿದ್ದರು. ಅಕ್ಟೋಬರಿನಲ್ಲಿ ಇನ್ನೂ 501 ದನ ಕಳುಹಿಸಿದರು. ಅಪ್ಪನಿಂದ ಕದ್ದ ಒಂದು ದನದ ಹಣಕ್ಕೆ ಸಾವಿರ ದನಗಳ ಬಡ್ಡಿ ಸೇರಿಸಿ ಹುಟ್ಟೂರಿನ ಋಣ ತೀರಿಸಿದಂತೆ. ವ್ಯಾಪಾರಿಯ ಬದುಕಿನಲ್ಲಿ ಇಂಥ ಘಳಿಗೆಗಳು ಅಪರೂಪ. ನನಗೆ ಅವರ ಕಾರುಗಳಿಗಿಂತ ಇದೇ ದೊಡ್ಡದಾಗಿ ಕಾಣುತ್ತದೆ.

ಸ್ಯಾಂಟ್ರೊ ಬಂದಾಗ ಜನ ಅದರ ಆಕಾರ ನೋಡಿ ಮುಖ ಸಿಂಡರಿಸಿದ್ದರು. ಮಾರುತಿ 800, ಝೆನ್‌ಗಳ ತಗ್ಗು ಚೆಲುವಿಗೆ ಒಗ್ಗಿದ ಕಣ್ಣಿಗೆ ಆ ಎತ್ತರದ ಮಾಡು ಸರಿಕಾಣಲಿಲ್ಲ. ಜಾಹೀರಾತಿಗೆ ಶಾರುಖ್ ಖಾನ್ ಬಂದರು. ಆದರೆ ನಮ್ಮ ಕಡೆ ಕಾರು ಗೆದ್ದದ್ದು ಅದೇ ಎತ್ತರದಿಂದ. ಮೊಣಕಾಲು ನೋವಿನ ಅಜ್ಜಿ ಸೀರೆಯ ನೆರಿಗೆ ಹಿಡಿದು ಬಗ್ಗದೆ ಒಳಗೆ ಕೂರಬಹುದಿತ್ತು. ಪಂಚೆ ಉಟ್ಟ ಅಜ್ಜ ಕಾಲೆತ್ತಿ ಹೆಣಗಬೇಕಾಗಿರಲಿಲ್ಲ. ಮದುವೆ, ಭೂತಕೋಲ, ಕಟೀಲು, ಧರ್ಮಸ್ಥಳ ಎಂದು ವರ್ಷವಿಡೀ ಹಿರಿಯರನ್ನು ಕರೆದೊಯ್ಯುವ ಮನೆಗಳಿಗೆ ಇದು ಸಣ್ಣ ಗುಣವಲ್ಲ. 999 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. ಕಾರ್ಬ್ಯುರೇಟರ್ ಇಲ್ಲ, ಸಿಲಿಂಡರಿಗೊಂದು ಇಂಜೆಕ್ಟರ್. ಮಳೆಗಾಲದ ಬೆಳಿಗ್ಗೆ ಚೋಕ್ ಎಳೆದು ಕಾಯುವ ಕೆಲಸ ತಪ್ಪಿತು. ಎಸಿ ಹಾಕಿಕೊಂಡೇ ಶಿರಾಡಿ, ಚಾರ್ಮಾಡಿ ಹತ್ತಿದೆವು ಎಂದು ಆಗ ಜನ ಮೆಚ್ಚುಗೆಯಿಂದ ಹೇಳಿಕೊಳ್ಳುತ್ತಿದ್ದರು.

ಆದರೂ ಸ್ಯಾಂಟ್ರೊ ಇಟ್ಟವರೆಲ್ಲ ಕಲಿಯಬೇಕಾದ ಒಂದು ಪಾಠವಿತ್ತು: ಟೈಮಿಂಗ್ ಬೆಲ್ಟ್. ಎಂಜಿನ್ನಿನ ಕೆಳಗಿನ ಕ್ರ್ಯಾಂಕನ್ನೂ ಮೇಲಿನ ವಾಲ್ವುಗಳನ್ನೂ ಒಂದೇ ತಾಳದಲ್ಲಿ ಓಡಿಸುವ ಹಲ್ಲಿನ ರಬ್ಬರ್ ಪಟ್ಟಿ ಅದು. ಹೊರಗಿನಿಂದ ಕಾಣುವುದಿಲ್ಲ, ಸವೆಯುವಾಗ ಸದ್ದು ಮಾಡುವುದೂ ಇಲ್ಲ. ಕಂಪನಿ ಹೇಳಿದ ಕಿಲೋಮೀಟರಿಗೆ ಬದಲಿಸದಿದ್ದರೆ ಒಂದು ದಿನ ಓಡುತ್ತಿರುವಾಗಲೇ ತುಂಡಾಗುತ್ತದೆ, ವಾಲ್ವುಗಳು ಬಾಗುತ್ತವೆ, ಹೆಡ್ ಬಿಚ್ಚಬೇಕಾಗುತ್ತದೆ. ಸೆಕೆಂಡ್ ಹ್ಯಾಂಡ್ ಸ್ಯಾಂಟ್ರೊ ಕೊಳ್ಳುವವರಿಗೆ ಇಲ್ಲಿನ ಮೆಕ್ಯಾನಿಕ್‌ಗಳು ಮೊದಲು ಕೇಳುವ ಪ್ರಶ್ನೆಯೇ "ಬೆಲ್ಟ್ ಯಾವಾಗ ಹಾಕಿಸಿದ್ದು?" ಎಂದು. ಉತ್ತರ ತಡವರಿಸಿದರೆ ಬೆಲ್ಟ್, ಟೆನ್ಷನರ್ ಎರಡನ್ನೂ ಹಾಕಿಸಿಯೇ ಓಡಿಸಿ ಎನ್ನುತ್ತಾರೆ. ಆಮೇಲೆ ಐ10 ಕಾರಿನ 1.2 ಲೀಟರಿನ ಕಪ್ಪಾ ಎಂಜಿನ್ನಿಗೆ ಬೆಲ್ಟಿನ ಬದಲು ಚೈನ್ ಬಂತು, ಆ ಚಿಂತೆಯೂ ಕಡಿಮೆಯಾಯಿತು.

ಇನ್ನು ಈ ಊರಿನ ಗಾಳಿ, ಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ನೀರು, ಜತೆಗೆ ಕಡಲಿನ ಉಪ್ಪು. ತುಕ್ಕು ಮೊದಲು ಹಿಡಿಯುವುದು ಕಣ್ಣಿಗೆ ಬೀಳುವ ಬಾನೆಟ್ಟಿಗಲ್ಲ. ಬಾಗಿಲುಗಳ ತಳ ಅಂಚಿಗೆ, ಜಾಕ್ ಕೊಡುವ ಜಾಗಕ್ಕೆ, ಚಕ್ರದ ಕಮಾನಿನ ಒಳಗೆ. ಬಾಗಿಲಿನ ತಳದಲ್ಲಿ ನೀರು ಇಳಿದುಹೋಗಲೆಂದು ಸಣ್ಣ ತೂತುಗಳಿರುತ್ತವೆ. ಮಾವಿನ ಹೂವು, ಧೂಳು, ಕೆಂಪು ಮಣ್ಣು ಸೇರಿ ಅವು ಮುಚ್ಚಿಹೋದರೆ ನೀರು ಒಳಗೇ ನಿಂತು ತಗಡನ್ನು ತಿನ್ನುತ್ತದೆ. ಕೊಟ್ಟಾರದ ಗ್ಯಾರೇಜೊಂದರಲ್ಲಿ ಹಿರಿಯ ಮೇಸ್ತ್ರಿಯೊಬ್ಬರು ತಂತಿಯ ತುದಿಯಿಂದ ಆ ತೂತುಗಳನ್ನು ಒಂದೊಂದಾಗಿ ಚುಚ್ಚಿ ಬಿಡಿಸುವುದನ್ನು ನಿಂತು ನೋಡಿದ್ದೇನೆ. ಕಂದು ನೀರು ಧಾರೆಯಾಗಿ ಇಳಿಯಿತು. ಬಿಲ್ಲಿನಲ್ಲಿ ಕಾಣಿಸದ ಕೆಲಸ ಅದು. ಆದರೆ ಕಾರಿನ ಆಯುಸ್ಸಿಗೆ ವರ್ಷಗಳನ್ನು ಸೇರಿಸುವುದು ಇಂಥ ಕೆಲಸವೇ.

ಕೊಟ್ಟಾರ ಚೌಕಿಯ ನೆರೆಯಂತೂ ಬೇರೆಯೇ ಕಥೆ. ತಗ್ಗು ಪ್ರದೇಶ, ರಾಜಕಾಲುವೆ ತುಂಬಿದರೆ ನೀರು ರಸ್ತೆಗೆ ಏರುತ್ತದೆ. 2018ರ ಮೇ 29ರಂದು ನಗರಕ್ಕೆ ನಗರವೇ ಮುಳುಗಿದ ದಿನವನ್ನು ಇಲ್ಲಿನವರು ಮರೆತಿಲ್ಲ. ಅಂಥ ನೀರಿನಲ್ಲಿ ಗಾಡಿ ನಿಂತುಹೋದಾಗ ಹೆಚ್ಚಿನವರು ಮಾಡುವುದು ಕೀಲಿ ಮತ್ತೆ ಮತ್ತೆ ತಿರುಗಿಸುವುದು. ಅದೇ ಎಂಜಿನ್ನಿಗೆ ಮಾರಕ. ಗಾಳಿಯನ್ನು ಒತ್ತಬೇಕಾದ ಪಿಸ್ಟನ್ನಿಗೆ ನೀರು ಎದುರಾಗುತ್ತದೆ, ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬ್ರ್ಯಾಂಡ್ ಯಾವುದೇ ಇರಲಿ, ಕೀಲಿ ಮುಟ್ಟದೆ ತಳ್ಳಿಸಿ ದಡ ಸೇರಿಸುವುದೇ ದಾರಿ.

ಕೊರಿಯಾದಿಂದ ಬಂದದ್ದು ಹ್ಯುಂಡೈ ಒಂದೇ ಅಲ್ಲ. ಅದಕ್ಕಿಂತ ಮೊದಲೇ, 1995ರಲ್ಲಿ, ಡೇವೂ ಬಂದಿತ್ತು. ದಿಲ್ಲಿ ಹತ್ತಿರದ ಸೂರಜ್‌ಪುರದಲ್ಲಿ ಅದರ ಕಾರ್ಖಾನೆ. ಮೊದಲು ಸಿಯೆಲೊ, ಆಮೇಲೆ ಮ್ಯಾಟಿಜ್. ಮ್ಯಾಟಿಜ್‌ನ ಚಿತ್ರ ಬರೆದದ್ದೂ ಪೋನಿ ಬರೆದ ಜುಜಾರೊ ಅವರ ಸಂಸ್ಥೆಯೇ. ಮೂರು ಸಿಲಿಂಡರಿನ 796 ಸಿಸಿ ಎಂಜಿನ್, ಮುದ್ದಾದ ದುಂಡು ದೀಪಗಳು, ಗಲ್ಲಿಗಳಲ್ಲಿ ಸಲೀಸಾಗಿ ತಿರುಗುವ ಗುಣ. ಕಾರಾಗಿ ನೋಡಿದರೆ ಸ್ಯಾಂಟ್ರೊಗೆ ಯಾವುದರಲ್ಲೂ ಕಡಿಮೆಯಿರಲಿಲ್ಲ. ಆದರೆ 1999ರಲ್ಲಿ ಡೇವೂ ಬಳಗ ಸಾಲದ ಹೊರೆಗೆ ಕುಸಿಯಿತು. ಸ್ಥಾಪಕ ಕಿಮ್ ವೂ-ಚುಂಗ್ ದೇಶ ಬಿಟ್ಟರು. ಕೊರಿಯಾದ ಕಾರು ವಿಭಾಗವನ್ನು 2002ರಲ್ಲಿ ಜನರಲ್ ಮೋಟಾರ್ಸ್ ಕೊಂಡಿತು. ಸೂರಜ್‌ಪುರದ ಕಾರ್ಖಾನೆ ಮಾತ್ರ ಅನಾಥವಾಯಿತು. ಅದರೊಂದಿಗೆ ಇಲ್ಲಿನ ಮ್ಯಾಟಿಜ್ ಮಾಲೀಕರೂ. ಒಂದು ಹೆಡ್‌ಲೈಟಿಗಾಗಿ, ಒಂದು ಸೆನ್ಸರಿಗಾಗಿ ಗುಜರಿ ಅಂಗಡಿಗಳಲ್ಲಿ ಹುಡುಕುವ ಪಾಡು ಅವರದಾಯಿತು. 2007ರಲ್ಲಿ ಅದೇ ಮ್ಯಾಟಿಜ್‌ನ ಮುಂದಿನ ತಲೆಮಾರು ಷೆವರ್ಲೆ ಸ್ಪಾರ್ಕ್ ಎಂಬ ಹೆಸರಿನಲ್ಲಿ ಬಂತು. 2017ರ ಕೊನೆಗೆ ಜನರಲ್ ಮೋಟಾರ್ಸ್ ಭಾರತದಲ್ಲಿ ಮಾರಾಟವನ್ನೇ ನಿಲ್ಲಿಸಿತು. ಪುಣೆ ಬಳಿಯ ತಳೆಗಾಂವ್‌ನಲ್ಲಿ ಆ ಕಂಪನಿ ಬಿಟ್ಟುಹೋದ ಕಾರ್ಖಾನೆಯನ್ನು ಕೊಳ್ಳಲು 2023ರಲ್ಲಿ ಒಪ್ಪಂದ ಮಾಡಿಕೊಂಡದ್ದು ಹ್ಯುಂಡೈ.

ಇಬ್ಬರೂ ಕೊರಿಯಾದವರು, ಇಬ್ಬರ ಕಾರೂ ಚೆನ್ನಾಗಿತ್ತು. ಒಬ್ಬರ ಗಿರಾಕಿ 25 ವರ್ಷದ ಮೇಲೂ ಬೆಲ್ಟ್ ಕೊಂಡು ಹಾಕಿಸುತ್ತಾನೆ, ಇನ್ನೊಬ್ಬರ ಗಿರಾಕಿ ಓಡುವ ಎಂಜಿನ್ನಿನ ಕಾರನ್ನೇ ತೂಕಕ್ಕೆ ಹಾಕಿದ. ಕೊಳ್ಳುವವರು ಮೈಲೇಜು ಎಷ್ಟು, ಸನ್‌ರೂಫ್ ಇದೆಯೇ, ಪರದೆ ಎಷ್ಟು ಇಂಚು ಎಂದು ಕೇಳುತ್ತಾರೆ. ಹತ್ತನೇ ವರ್ಷಕ್ಕೆ ಬಿಡಿಭಾಗ ಸಿಗುತ್ತದೆಯೇ ಎಂದು ಕೇಳುವವರು ಕಡಿಮೆ. ಹತ್ತು ವರ್ಷ ಎಂದು ಸುಮ್ಮನೆ ಹೇಳುತ್ತಿಲ್ಲ. 1986ರಲ್ಲಿ ಅಮೆರಿಕಕ್ಕೆ ಹೋದ ಹ್ಯುಂಡೈ ಎಕ್ಸೆಲ್ ಅಗ್ಗದ ಬೆಲೆಗೆ ಭರ್ಜರಿಯಾಗಿ ಮಾರಾಟವಾಗಿ, ಬೇಗ ಕೆಟ್ಟು, ಕಂಪನಿಯ ಹೆಸರನ್ನೇ ಕೆಡಿಸಿತ್ತು. ಅದನ್ನು ಸರಿಪಡಿಸಲು 1998ರಲ್ಲಿ ಕಂಪನಿ ಅಲ್ಲಿ ಘೋಷಿಸಿದ್ದು ಎಂಜಿನ್, ಗೇರ್‌ಬಾಕ್ಸುಗಳಿಗೆ 10 ವರ್ಷ ಅಥವಾ 1 ಲಕ್ಷ ಮೈಲಿಯ ವಾರಂಟಿ. ಹೋದ ಮಾನ ಮರಳಿ ಬಂದದ್ದು ಜಾಹೀರಾತಿನಿಂದಲ್ಲ, ಆ ವಾರಂಟಿಯಿಂದ.

ಹಾಗೆಂದು ಹ್ಯುಂಡೈ ಕಂಪನಿಯನ್ನು ಕಣ್ಣು ಮುಚ್ಚಿ ಹೊಗಳಲಾರೆ. ಅಮೆರಿಕದಲ್ಲಿ ಥೀಟಾ ಎಂಜಿನ್ನುಗಳ ದೋಷವನ್ನು ಸಕಾಲಕ್ಕೆ ತಿಳಿಸಿ ಕಾರು ಹಿಂದಕ್ಕೆ ಕರೆಯಲಿಲ್ಲವೆಂದು ಹ್ಯುಂಡೈ, ಕಿಯಾ ಎರಡೂ ಸೇರಿ 2020ರಲ್ಲಿ 21 ಕೋಟಿ ಡಾಲರ್ ಮೊತ್ತದ ದಂಡದ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಗುಟ್ಟು ಬಯಲು ಮಾಡಿದ್ದು ಅದೇ ಕಂಪನಿಯ ಎಂಜಿನಿಯರ್ ಕಿಮ್ ಗ್ವಾಂಗ್-ಹೊ. ಕೆಲಸ ಕಳೆದುಕೊಂಡ ಆ ಮನುಷ್ಯನಿಗೆ ಅಮೆರಿಕದ ಸರ್ಕಾರ 2021ರಲ್ಲಿ 2.4 ಕೋಟಿ ಡಾಲರಿಗೂ ಮಿಕ್ಕಿ ಬಹುಮಾನ ಕೊಟ್ಟಿತು. ನಮ್ಮಲ್ಲೂ ನೋಡಿ: 2014ರ ಆರಂಭದಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಐ10 ಪಡೆದದ್ದು ಸೊನ್ನೆ ತಾರೆ. 2023ರಲ್ಲಿ ಅದೇ ಕಂಪನಿಯ ವೆರ್ನಾ ಐದು ತಾರೆ ಪಡೆಯಿತು. ಮಾಡಲು ಬಂದಿದ್ದರೂ ಇಷ್ಟು ವರ್ಷ ನಮಗೆ ಕೊಟ್ಟಿರಲಿಲ್ಲ ಎಂದೇ ಇದರ ಅರ್ಥ.

ಕಿಯಾ ಹೆಸರು ಬಂತಲ್ಲ. 1944ರಲ್ಲಿ ಸೈಕಲ್ ಬಿಡಿಭಾಗ ಮಾಡುತ್ತ ಹುಟ್ಟಿದ ಈ ಕಂಪನಿ 1997ರಲ್ಲಿ ದಿವಾಳಿಯಾಗಿ, ಮರುವರ್ಷ ಹ್ಯುಂಡೈ ತೆಕ್ಕೆಗೆ ಬಿತ್ತು. ಭಾರತದಲ್ಲಿ ಅದು ಆರಿಸಿಕೊಂಡದ್ದು ಪೆನುಗೊಂಡೆಯ ನೆಲ. 1565ರ ಯುದ್ಧದ ನಂತರ ಹಂಪಿ ಹಾಳಾದಾಗ ವಿಜಯನಗರದ ಅರಸರು ರಾಜಧಾನಿ ಸಾಗಿಸಿದ ಊರು ಅದು. ನಮ್ಮ ಗಡಿಯಿಂದ ಹೆಚ್ಚು ದೂರವಿಲ್ಲ, ಕನ್ನಡ ಕಿವಿಗೆ ಬೀಳುವ ಸೀಮೆ. 2019ರ ಆಗಸ್ಟಿನಲ್ಲಿ ಸೆಲ್ಟೋಸ್ ಮಾರಾಟ ಶುರುವಾಯಿತು. ಅದರ ಮೊದಲ ಗಿರಾಕಿಗಳಿಗೂ ಹತ್ತನೇ ವರ್ಷ ದೂರವಿಲ್ಲ.

2024ರ ಅಕ್ಟೋಬರಿನಲ್ಲಿ ಹ್ಯುಂಡೈ ಮೋಟಾರ್ ಇಂಡಿಯಾ 27,870 ಕೋಟಿ ರೂಪಾಯಿಯ ಷೇರು ಮಾರಿತು. ದೇಶದಲ್ಲಿ ಅಲ್ಲಿಯವರೆಗಿನ ಅತಿ ದೊಡ್ಡ ಷೇರು ಬಿಡುಗಡೆ ಅದು, ಹಣವೆಲ್ಲ ಹೋದದ್ದು ಕೊರಿಯಾದ ಮಾತೃಸಂಸ್ಥೆಗೆ. ಕಾನೂನಿನಂತೆ ಅದರಲ್ಲಿ ತಪ್ಪಿಲ್ಲ. ಆದರೆ ಇಷ್ಟು ಮೌಲ್ಯ ಕಟ್ಟಿಕೊಟ್ಟ ಗಿರಾಕಿಗೆ ಸಲ್ಲಬೇಕಾದ್ದು ಸಲ್ಲಬೇಕು. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಜಾಲತಾಣ ತೆರೆದು, ವಾಹನಗಳನ್ನೂ ಅದರಲ್ಲಿ ಸೇರಿಸಿದೆ. ಅಷ್ಟು ಸಾಲದು. ಮಾದರಿಯೊಂದನ್ನು ನಿಲ್ಲಿಸಿದ ಮೇಲೆ ಎಷ್ಟು ವರ್ಷ ಬಿಡಿಭಾಗ ಕೊಡುತ್ತೇವೆಂದು ಪ್ರತಿ ಕಂಪನಿಯೂ ಮಾರಾಟದ ಕಾಗದದಲ್ಲೇ ಬರೆದುಕೊಡುವುದನ್ನು ಕಡ್ಡಾಯ ಮಾಡಬೇಕು. ಹೊರಗಿನ ಗ್ಯಾರೇಜುಗಳಿಗೂ ರಿಪೇರಿ ಕೈಪಿಡಿ, ದೋಷ ಪತ್ತೆಯ ಸಾಫ್ಟ್‌ವೇರ್ ಸಿಗಬೇಕು. ಅಲ್ಲಿಯವರೆಗೆ, ಹೊಸ ಕಾರಿಗೆ ಮುಂಗಡ ಕೊಡುವ ಮೊದಲು ಒಂದು ಸಂಜೆ ನಿಮ್ಮೂರಿನ ಗ್ಯಾರೇಜಿಗೆ ಹೋಗಿ, ಅದೇ ಕಂಪನಿಯ ಹತ್ತು ವರ್ಷ ಹಳೆಯ ಕಾರಿಗೆ ಯಾವ ಭಾಗ ಎಷ್ಟು ದಿನದಲ್ಲಿ, ಎಷ್ಟು ರೂಪಾಯಿಗೆ ಸಿಗುತ್ತದೆ ಎಂದು ಕೇಳಿ ಬನ್ನಿ.