ದೋಷವನ್ನು ನಿವೇದಿಸುವ ವಿದ್ಯೆ

ರೋಗಿಯು ವೈದ್ಯನ ಮುಂದೆ ಕುಳಿತು 'ಮೈಯಲ್ಲಿ ಸರಿಯಿಲ್ಲ' ಎಂದಷ್ಟೇ ಹೇಳಿ ಸುಮ್ಮನಾದರೆ ವೈದ್ಯನು ಔಷಧ ಕೊಡುವುದಾದರೂ ಹೇಗೆ? ನೋವು ಎಲ್ಲಿ, ಯಾವಾಗಿನಿಂದ, ಏನನ್ನು ಉಂಡ ಮೇಲೆ ಹೆಚ್ಚಾಯಿತು ಎಂಬುದನ್ನು ಅರುಹಿದಾಗಲೇ ಚಿಕಿತ್ಸೆಗೆ ದಾರಿ ತೆರೆಯುತ್ತದೆ. ಗಣಕಯಂತ್ರವು ವಿಜ್ಞಾನದ ಸಕಲ ಶಾಖೆಗಳನ್ನೂ ವ್ಯಾಪಿಸಿರುವ ಈ ಕಾಲದಲ್ಲಿ, ವೈಜ್ಞಾನಿಕ ತಂತ್ರಾಂಶದಲ್ಲಿ ತೊಡಕು ಕಂಡಾಗ ಅದನ್ನು ನಿರ್ಮಾಪಕರಿಗೆ ತಿಳಿಸುವ ಬಗೆಗೂ ಈ ಮಾತು ಸಲ್ಲುತ್ತದೆ. 'ಕೆಲಸ ಮಾಡುತ್ತಿಲ್ಲ' ಎಂಬ ಒಂದು ಸಾಲಿನ ದೂರು ಯಾರಿಗೂ ಪ್ರಯೋಜನಕ್ಕೆ ಬಾರದು.

ಈ ವಿಷಯದಲ್ಲಿ ಅನುಕರಣೀಯವಾದ ನಿದರ್ಶನವೊಂದು 1994ರಲ್ಲಿ ಅಮೆರಿಕದಲ್ಲಿ ದೊರೆಯಿತು. ವರ್ಜೀನಿಯಾ ರಾಜ್ಯದ ಲಿಂಚ್‌ಬರ್ಗ್ ಕಾಲೇಜಿನ ಗಣಿತ ಪ್ರಾಧ್ಯಾಪಕರಾಗಿದ್ದ ಥಾಮಸ್ ನೈಸ್ಲಿ ಅವರು ಅವಳಿ ಅವಿಭಾಜ್ಯ ಸಂಖ್ಯೆಗಳ ವ್ಯುತ್ಕ್ರಮಗಳನ್ನು ಕೂಡುವ ಕಾರ್ಯದಲ್ಲಿ ನಿರತರಾಗಿದ್ದರು. ಜೂನ್ ತಿಂಗಳಲ್ಲಿ ಫಲಿತಾಂಶಗಳು ಒಂದಕ್ಕೊಂದು ಹೊಂದದಿರುವುದು ಅವರ ಗಮನಕ್ಕೆ ಬಂದಿತು. ಅವರು ಕೂಡಲೇ ಯಂತ್ರವನ್ನು ದೂಷಿಸಲಿಲ್ಲ. ತಾವು ಬರೆದ ಕ್ರಮವಿಧಿಯಿಂದ ಮೊದಲ್ಗೊಂಡು ಯಂತ್ರದ ಭಾಗಗಳವರೆಗೆ ಒಂದೊಂದನ್ನೇ ಪರೀಕ್ಷಿಸುತ್ತ ತಿಂಗಳುಗಳನ್ನು ಕಳೆದರು. ಅಕ್ಟೋಬರಿನಲ್ಲಿ ಇಂಟೆಲ್ ಸಂಸ್ಥೆಗೆ ವಿಷಯವನ್ನು ತಿಳಿಸಿ, ಅದೇ ತಿಂಗಳ 30ರಂದು ಇತರ ಹಲವರಿಗೂ ಪತ್ರ ಬರೆದರು.

ಆ ಪತ್ರದಲ್ಲಿ ರೋಷವಿರಲಿಲ್ಲ. 824633702441 ಎಂಬ ಸಂಖ್ಯೆಯನ್ನು ಅದರ ವ್ಯುತ್ಕ್ರಮದಿಂದ ಗುಣಿಸಿದರೆ 1 ಬರಬೇಕು. ಪೆಂಟಿಯಂ ಯಂತ್ರಗಳಲ್ಲಿ 0.999999996274709702 ಬರುತ್ತದೆ, ಹಿಂದಿನ 486 ಯಂತ್ರಗಳಲ್ಲಿ ಈ ದೋಷವಿಲ್ಲ. ಇದನ್ನು ಸಾಮಾನ್ಯ ಸ್ಪ್ರೆಡ್‌ಶೀಟಿನಲ್ಲಿಯೂ ಪರೀಕ್ಷಿಸಬಹುದೆಂದು ಅವರು ತಿಳಿಸಿದ್ದರು. ಓದಿದವನು ಅವರ ಮಾತನ್ನು ನಂಬಬೇಕಾಗಿರಲಿಲ್ಲ. ತನ್ನ ಮೇಜಿನ ಮೇಲೆಯೇ ಸತ್ಯವನ್ನು ಕಾಣಬಹುದಾಗಿತ್ತು. ಭಾಗಾಕಾರಕ್ಕೆ ಬಳಸುವ ಕೋಷ್ಟಕದಲ್ಲಿ 5 ನಮೂದುಗಳು ಬಿಟ್ಟುಹೋಗಿದ್ದುದೇ ದೋಷದ ಮೂಲವಾಗಿತ್ತು. ಡಿಸೆಂಬರಿನಲ್ಲಿ ಸಂಸ್ಥೆಯು ಕೇಳಿದವರಿಗೆಲ್ಲ ಬಿಡಿಭಾಗವನ್ನು ಬದಲಾಯಿಸಿಕೊಡಲು ಒಪ್ಪಿತು, ಅದಕ್ಕಾಗಿ 47.5 ಕೋಟಿ ಡಾಲರುಗಳನ್ನು ಲೆಕ್ಕಕ್ಕೆ ಹಿಡಿಯಬೇಕಾಯಿತು.

ಅಲ್ಲಿದ್ದ ದೋಷ ಯಂತ್ರದ ಒಡಲಿನದು, ನಿಜ. ಆದರೆ ನಿವೇದನೆಯ ಕ್ರಮ ತಂತ್ರಾಂಶಕ್ಕೂ ಅದೇ. ಏನನ್ನು ಮಾಡಲಾಯಿತು, ಏನನ್ನು ನಿರೀಕ್ಷಿಸಲಾಗಿತ್ತು, ಏನು ಸಂಭವಿಸಿತು ಎಂಬ ಮೂರನ್ನು ಬೇರೆಬೇರೆಯಾಗಿ ಹೇಳಬೇಕು. ದೋಷವನ್ನು ತೋರಿಸುವ ಅತಿ ಚಿಕ್ಕ ಉದಾಹರಣೆಯನ್ನು ಕೊಡಬೇಕು. ಯಂತ್ರವು ನೀಡಿದ ದೋಷಸಂದೇಶವನ್ನು ಸಂಕ್ಷೇಪಿಸದೆ ಇದ್ದಂತೆಯೇ ಬರೆಯಬೇಕು. ತಂತ್ರಾಂಶದ ಆವೃತ್ತಿಯನ್ನೂ ಕಾರ್ಯಾಚರಣ ವ್ಯವಸ್ಥೆಯ ಹೆಸರನ್ನೂ ನಮೂದಿಸಬೇಕು. ಇವು ಕ್ಷುಲ್ಲಕ ವಿವರಗಳಲ್ಲ. ರಸಾಯನಶಾಸ್ತ್ರದ ಒಂದು ಪೈಥಾನ್ ಕ್ರಮವಿಧಿಯು ಬೇರೆಬೇರೆ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಕಡತಗಳನ್ನು ಬೇರೆಬೇರೆ ಅನುಕ್ರಮದಲ್ಲಿ ಓದಿ ಭಿನ್ನವಾದ ಉತ್ತರಗಳನ್ನು ಕೊಡುತ್ತಿದ್ದುದನ್ನು ಹವಾಯಿ ವಿಶ್ವವಿದ್ಯಾನಿಲಯದ ಸಂಶೋಧಕರು 2019ರಲ್ಲಿ ಪ್ರಕಟಪಡಿಸಿದರು.

ಕೇಳುವವನು ಅರಿಯದವನಾದುದರಿಂದಲೇ ಕೇಳುತ್ತಾನೆ, ಅವನಿಂದ ಇಷ್ಟನ್ನು ಅಪೇಕ್ಷಿಸುವುದು ನ್ಯಾಯವೇ ಎಂದು ಕೆಲವರು ಆಕ್ಷೇಪಿಸಬಹುದು. ಇಲ್ಲಿ ಬೇಕಾದುದು ಪಾಂಡಿತ್ಯವಲ್ಲ, ಕಂಡದ್ದನ್ನು ಕಂಡಂತೆ ಹೇಳುವ ಪ್ರಾಮಾಣಿಕತೆ. ಕಾರಣವನ್ನು ಹುಡುಕುವ ಭಾರವನ್ನು ಬಲ್ಲವರಿಗೆ ಬಿಡಬಹುದು. ವಿವರವನ್ನು ಮಾತ್ರ ಕೇಳುವವನೇ ಕೊಡಬೇಕು. ನಂಪೈಯಂತಹ ಎಷ್ಟೋ ತಂತ್ರಾಂಶಗಳು ಜಗತ್ತಿಗೆ ಉಚಿತವಾಗಿ ದೊರೆಯುತ್ತಿವೆ. ಅವುಗಳಿಗಾಗಿ ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ದುಡಿಯುವವರು ಅನೇಕರಿದ್ದಾರೆ. ಅದೊಂದು ಜ್ಞಾನದಾಸೋಹವೇ ಸರಿ. ದಾಸೋಹದ ಪಂಕ್ತಿಯಲ್ಲಿ ಕುಳಿತವನು ಅನ್ನವನ್ನು ಚೆಲ್ಲಬಾರದು. ಬಡಿಸುವವನೂ ಹಸಿದು ಬಂದವನನ್ನು ಗದರಬಾರದು. ಪ್ರಶ್ನೆ ಕೇಳಿ ಅಪಹಾಸ್ಯಕ್ಕೆ ಗುರಿಯಾದವನು ಮತ್ತೊಮ್ಮೆ ಬಾಯಿ ತೆರೆಯಲಾರ. ಆಗ ಅವನು ಕಂಡ ತಪ್ಪು ಅಡಗಿಯೇ ಉಳಿದು, ಅದರ ಮೇಲೆ ಇನ್ನೊಬ್ಬರ ಸಂಶೋಧನೆ ನಿಲ್ಲುತ್ತದೆ.

ಈ ಶಿಕ್ಷಣವು ವಿಶ್ವವಿದ್ಯಾನಿಲಯದಲ್ಲಿ ಆರಂಭವಾಗುವಂಥದಲ್ಲ. 'ಲೆಕ್ಕ ಬರಲಿಲ್ಲ ಸರ್' ಎನ್ನುವ ಬಾಲಕನಿಗೆ 'ಯಾವ ಹೆಜ್ಜೆಯವರೆಗೆ ಬಂದಿತು?' ಎಂದು ಕೇಳುವ ಉಪಾಧ್ಯಾಯರು ಅದರ ಬೀಜವನ್ನು ಬಿತ್ತುತ್ತಾರೆ. ಪತ್ರಲೇಖನದ ಪಾಠದಲ್ಲಿ ರಜೆಯ ಅರ್ಜಿಯ ಜೊತೆಗೆ ತೊಡಕನ್ನು ವಿವರಿಸುವ ಪತ್ರಕ್ಕೂ ಸ್ಥಾನ ದೊರೆಯಬೇಕು. ದಾನಿಗಳ ಔದಾರ್ಯದಿಂದ ಶಾಲೆಗೆ ಗಣಕಯಂತ್ರಗಳು ಬರಬಹುದು; ಅವುಗಳ ಮುಂದೆ ಕುಳಿತ ಮಗು ತಪ್ಪನ್ನು ಮುಚ್ಚಿಡದೆ ನಿರ್ಭಯವಾಗಿ, ಸ್ಪಷ್ಟವಾಗಿ ನಿವೇದಿಸಲು ಕಲಿತಾಗಲೇ ಆ ದಾನ ಸಾರ್ಥಕವಾಗುತ್ತದೆ. ಅನುಭವ ಮಂಟಪವನ್ನು ಆದರ್ಶವಾಗಿ ಸ್ಮರಿಸುವ ವಿದ್ಯಾಸಂಸ್ಥೆಗೆ ಪ್ರಶ್ನೆಯನ್ನು ಗೌರವಿಸುವುದು ಹೊಸ ಪಾಠವೇನೂ ಅಲ್ಲ.