ಫೋನಿನ ಗೆಳೆಯರು ಮನೆಗೆ ಬಂದಾಗ

ಖಲೀಫಾ ಹಝ್ರತ್ ಉಮರ್(ರ)ರ ಬಳಿ ಒಬ್ಬ ವ್ಯಕ್ತಿ ಇನ್ನೊಬ್ಬನ ಸಚ್ಚಾರಿತ್ರ್ಯಕ್ಕೆ ಸಾಕ್ಷಿಯಾಗಿ ನಿಂತ ಪ್ರಸಂಗವೊಂದು ವರದಿಯಾಗಿದೆ. ಆತನ ನೆರೆಯಲ್ಲಿ ವಾಸಿಸಿದ್ದುಂಟೇ, ಆತನೊಡನೆ ಹಣದ ವ್ಯವಹಾರ ಮಾಡಿದ್ದುಂಟೇ, ಆತನ ಜೊತೆಗೂಡಿ ಪ್ರಯಾಣ ಹೋದದ್ದುಂಟೇ ಎಂದು ಉಮರ್(ರ) ವಿಚಾರಿಸಿದರು. ಮೂರಕ್ಕೂ ಇಲ್ಲವೆಂಬ ಉತ್ತರ ಬಂತು. ಹಾಗಾದರೆ ಮಸೀದಿಯಲ್ಲಿ ಅವನು ನಮಾಝ್ ಮಾಡುವುದನ್ನು ನೋಡಿರಬೇಕು ಎಂದರು ಖಲೀಫಾ. ಹೌದು ಎಂದನು ಆ ಸಾಕ್ಷಿ. ನಿನಗೆ ಅವನ ಪರಿಚಯವಿಲ್ಲ ಎಂದು ಉಮರ್(ರ) ಅವನನ್ನು ಕಳುಹಿಸಿಬಿಟ್ಟರು.

ಈ ಪ್ರಸಂಗವನ್ನು ನಾವು ಅನೇಕ ಸಲ ಪ್ರವಚನಗಳಲ್ಲಿ ಕೇಳಿದ್ದೇವೆ. ಅದು ನಮಗೇ ಅನ್ವಯಿಸುತ್ತದೆಂದು ಹೊಳೆದದ್ದು ಮಾತ್ರ ಕಳೆದ ಜನವರಿಯಲ್ಲಿ, ಮೂರು ವರ್ಷಗಳಿಂದ ಫೋನಿನಲ್ಲಷ್ಟೇ ಬಲ್ಲ ಗೆಳೆಯರೊಬ್ಬರು ಮಂಜೇಶ್ವರದಿಂದ ನಮ್ಮ ಗುಡಗೇರಿಗೆ ಬರುತ್ತೇನೆಂದು ತಿಳಿಸಿದಾಗ. ಅವರ ನೆರೆಯಲ್ಲಿ ನಾವು ಇದ್ದವರಲ್ಲ. ಒಂದು ರೂಪಾಯಿಯ ವ್ಯವಹಾರವಿರಲಿಲ್ಲ. ಒಂದೇ ಬಸ್ಸಿನಲ್ಲಿ ಕುಳಿತವರೂ ಅಲ್ಲ. ಪ್ರತಿ ಶುಕ್ರವಾರ ಬೆಳಿಗ್ಗೆ ಅವರಿಂದ ಜುಮಾ ಮುಬಾರಕ್ ಚಿತ್ರ ಬರುತ್ತಿತ್ತು, ನಾವೂ ಒಂದನ್ನು ಕಳುಹಿಸುತ್ತಿದ್ದೆವು. ಆ ಸಾಕ್ಷಿಗೆ ಮಸೀದಿಯ ನಮಾಝ್ ಹೇಗೋ ನಮಗೆ ಈ ಚಿತ್ರ ಹಾಗೆ.

ಪರಿಚಯ ಆರಂಭವಾದದ್ದು ಸಾರಾ ಅಬೂಬಕ್ಕರ್ ಅವರಿಂದ. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ಬಗ್ಗೆ ನಾವು ಒಂದು ಮಾತು ಬರೆದಿದ್ದೆವು, ಅವರು ಅದನ್ನು ಒಪ್ಪಲಿಲ್ಲ. ಒಪ್ಪದ ರೀತಿ ಸಭ್ಯವಾಗಿತ್ತು. ಅಂದಿನಿಂದ ಪತ್ರವ್ಯವಹಾರದಂತೆ ಮಾತು ಬೆಳೆಯಿತು. ನಮ್ಮ ಮನೆಮಾತು ದಖ್ಖನಿ ಉರ್ದು, ಅವರದು ಬ್ಯಾರಿ. ಒಬ್ಬರ ಮನೆಮಾತು ಇನ್ನೊಬ್ಬರಿಗೆ ಅರ್ಥವಾಗದು. ನಮ್ಮಿಬ್ಬರ ನಡುವೆ ಇದ್ದದ್ದು ಕನ್ನಡವೊಂದೇ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ನೆಲದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ಭಾಷೆಯ ಮೇಲೆ ಇರುವ ಪ್ರೀತಿ, ಕನ್ನಡದ ನಟ್ಟನಡುವೆ ಕುಳಿತ ನಮಗೆ ಇಲ್ಲವೆಂದು ಹೇಳಲು ನಾಚಿಕೆಪಡಬೇಕಿಲ್ಲ.

ಮನೆಯಲ್ಲಿ ಸುದ್ದಿ ಹೇಳಿದಾಗ ಅಮ್ಮ ಒಪ್ಪಲಿಲ್ಲ. ಅದಕ್ಕೆ ಕಾರಣವಿತ್ತು. ಹಿಂದೆ ಹೀಗೆಯೇ ಫೋನಿನಲ್ಲಿ ಪರಿಚಯವಾದ ಒಬ್ಬರು ಮಗುವಿನ ಆಪರೇಷನ್ ಎಂದು ಹೇಳಿ ನಮ್ಮಿಂದ ಐದು ಸಾವಿರ ತರಿಸಿಕೊಂಡಿದ್ದರು. ಮರುವಾರದಿಂದ ಆ ನಂಬರು ಹತ್ತಲೇ ಇಲ್ಲ. ಹತ್ತಿ ಬಿಡಿಸುವ ಕೂಲಿಗೆಂದು ತೆಗೆದಿಟ್ಟಿದ್ದ ಹಣವದು. ಅದನ್ನು ಅಮ್ಮ ಮರೆತಿರಲಿಲ್ಲ, ಮರೆಯಬೇಕೆಂದು ನಾವು ಹೇಳುವ ಹಾಗೂ ಇರಲಿಲ್ಲ.

ನಾವು ಅವರ ಮುಂದೆ ಹಝ್ರತ್ ಇಬ್ರಾಹೀಮ್(ಅ)ರ ಅತಿಥಿಗಳ ಕಥೆ ತೆಗೆದೆವು. ಬಂದವರು ಅಪರಿಚಿತರೆಂದು ಬಲ್ಲ ಇಬ್ರಾಹೀಮ್(ಅ) ಸದ್ದಿಲ್ಲದೆ ಮನೆಯೊಳಕ್ಕೆ ಹೋಗಿ ಕೊಬ್ಬಿದ ಕರುವಿನ ಮಾಂಸ ಸಿದ್ಧಪಡಿಸಿ ತಂದು ಅವರ ಮುಂದಿಟ್ಟರೆಂದು ಕುರ್‌ಆನ್ ತಿಳಿಸುತ್ತದೆ. ಅಮ್ಮ ಅಷ್ಟೇ ಬೇಗ ಉತ್ತರಿಸಿದರು. ಇಬ್ರಾಹೀಮರು ಊಟ ಕೊಟ್ಟರು, ತಿಜೋರಿಯ ಬೀಗದ ಕೈ ಕೊಡಲಿಲ್ಲ. ಊಟ ಬೇಕಾದರೆ ನಾನೂ ಕೊಡುತ್ತೇನೆ.

ಅಮ್ಮನ ಈ ಮಾತಿನಲ್ಲಿ ನಾವು ಅದುವರೆಗೆ ಗಮನಿಸದಿದ್ದ ವಿಚಾರವೊಂದಿದೆ. ಸತ್ಕಾರವೇ ಬೇರೆ, ವಿಶ್ವಾಸವೇ ಬೇರೆ. ಸತ್ಕಾರ ಅತಿಥಿಯ ಹಕ್ಕು. ಅಲ್ಲಾಹನಲ್ಲಿಯೂ ಅಂತ್ಯದಿನದಲ್ಲಿಯೂ ವಿಶ್ವಾಸವಿರಿಸಿದವನು ಅತಿಥಿಯನ್ನು ಗೌರವಿಸಬೇಕೆಂಬ ಪ್ರವಾದಿ(ಸ)ರ ಆದೇಶದಲ್ಲಿ ಪರಿಚಿತ, ಅಪರಿಚಿತ ಎಂಬ ಭೇದವಿಲ್ಲ. ಆದರೆ ವಿಶ್ವಾಸ ಯಾರ ಹಕ್ಕೂ ಅಲ್ಲ. ಅದು ಉಮರ್(ರ)ರ ಮೂರು ಪರೀಕ್ಷೆಗಳಲ್ಲಿ ಗಳಿಸಬೇಕಾದುದು. ನಾವು ಫೋನಿನ ಕಾಲದಲ್ಲಿ ಇದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಮುಖ ನೋಡದವರಿಗೆ ಮನೆಯ ಜಗಳ ಹೇಳುತ್ತೇವೆ, ಸಾಲದ ಲೆಕ್ಕ ಹೇಳುತ್ತೇವೆ, ಕೇಳಿದರೆ ಹಣವನ್ನೂ ಕಳುಹಿಸುತ್ತೇವೆ. ಅವರನ್ನು ಮನೆಗೆ ಕರೆದು ಒಂದು ರೊಟ್ಟಿ ಹಾಕುವ ಮಾತು ಬಂದಾಗ ಮಾತ್ರ ಹಿಂಜರಿಯುತ್ತೇವೆ.

ನಮ್ಮ ಹಿಂಜರಿಕೆಗೆ ಇನ್ನೊಂದು ಕಾರಣವೂ ಇತ್ತು. ಒಪ್ಪಿಕೊಳ್ಳುವುದೇ ಸರಿ. ಮೂರು ವರ್ಷಗಳಲ್ಲಿ ನಾವು ಅವರಿಗೆ ಕಳುಹಿಸಿದ್ದ ಈದ್‌ನ ಫೋಟೋಗಳೆಲ್ಲ ನಮ್ಮ ಭಾವನವರ ಹೊಸ ಆರ್‌ಸಿಸಿ ಮನೆಯ ಮುಂದೆ ತೆಗೆದವು. ಇದು ನಮ್ಮ ಮನೆಯೆಂದು ನಾವು ಎಂದೂ ಬರೆದಿರಲಿಲ್ಲ, ಅಲ್ಲವೆಂದೂ ಬರೆದಿರಲಿಲ್ಲ. ನಮ್ಮದು ಮಣ್ಣಿನ ಮಾಳಿಗೆಯ ಹಳೆಯ ಮನೆ.

ಕರಾವಳಿಯಿಂದ ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಪ್ಯಾಸೆಂಜರ್ ರೈಲಿನಲ್ಲಿ ಕುಂದಗೋಳ, ಸಂಶಿ ದಾಟಿ ಅವರು ಗುಡಗೇರಿ ನಿಲ್ದಾಣದಲ್ಲಿ ಇಳಿದರು. ಇಳಿಯುವುದಕ್ಕೆ ಹೊತ್ತು ಹಿಡಿಯಿತು. ಮೊದಲು ಒಂದು ಊರುಗೋಲು ಕೆಳಗೆ ಬಂತು, ನಂತರ ಅವರು. ಬಲಗಾಲು ಬಾಲ್ಯದಲ್ಲಿಯೇ ಪೋಲಿಯೋದಿಂದ ಸೊರಗಿದ್ದು. ಮೂರು ವರ್ಷಗಳಲ್ಲಿ ಒಮ್ಮೆಯೂ ಅದರ ಮಾತು ಬಂದಿರಲಿಲ್ಲ. ನಾವು ಗಾಬರಿಯನ್ನು ಮುಚ್ಚಿಕೊಂಡು ಸಲಾಂ ಹೇಳಿದೆವು. ಮನೆಗೆ ಬಂದಾಗ ಅವರು ಮಾಳಿಗೆಯನ್ನು ನೋಡಿದರು, ಏನೂ ಕೇಳಲಿಲ್ಲ. ಹೀಗೆ ಎರಡು ಕಡೆಯವರೂ ಪರಸ್ಪರರ ಗುಟ್ಟನ್ನು ಕಂಡೂ ಕಾಣದವರಂತೆ ಅರ್ಧ ದಿನ ಕಳೆದೆವು. ಸಭ್ಯತೆ ಎಂದು ಎರಡೂ ಕಡೆಯವರು ಭಾವಿಸಿದ್ದೆವು.

ಅದು ಸಭ್ಯತೆಯಾಗಿರಲಿಲ್ಲ. ನಮ್ಮ ಮನೆಯ ಪಾಯಿಖಾನೆ ಕೆಳಗೆ ಕುಕ್ಕರಗಾಲಿನಲ್ಲಿ ಕೂರುವಂಥದ್ದು. ಅತಿಥಿಗಳು ಮಧ್ಯಾಹ್ನದಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆಂಬುದನ್ನು ಗಮನಿಸಿದವರು ಅಮ್ಮ. ಸಂಜೆ ಚಹಾವನ್ನೂ ಬೇಡವೆಂದಾಗ ಅವರು ನೇರವಾಗಿ ಕೇಳಿಬಿಟ್ಟರು: "ಯಾಕ ಬೇಟಾ, ಕಾಲಿನ ಸಲುವಾಗಿ ಏನರ ಬೇಕಾಗೇತೇನು? ಮುಚ್ಚಿ ಇಟ್ಕೊಂಡ್ರ ನಮಗ ಹ್ಯಾಂಗ ತಿಳೀತೈತಿ?"

"ಎಂತ ಬೇಡ ಉಮ್ಮ, ಸುಮ್ಮನೆ ನಿಮಗೆ ತೊಂದರೆ" ಎಂದರು ಅವರು. ನಂತರ ತಲೆ ತಗ್ಗಿಸಿ ವಿಷಯ ಹೇಳಿದರು. ಓಣಿಯ ಕೊನೆಯ ಮನೆಯಲ್ಲಿ ಸೊಂಟ ಮುರಿದುಕೊಂಡಿದ್ದ ಅಜ್ಜನಿಗೆ ತಂದ ಕಮೋಡ್ ಕುರ್ಚಿಯಿತ್ತು. ಅಜ್ಜ ತೀರಿಕೊಂಡು ವರ್ಷವಾಗಿತ್ತು. ಆ ಮನೆಯ ಗೌಡರು ಕುರ್ಚಿಯನ್ನು ತಾವೇ ತೊಳೆದು ತಂದಿಟ್ಟು ಹೋದರು. ಅವರ ಮನೆಯಿಂದ ರಾತ್ರಿ ಶೇಂಗಾ ಹೋಳಿಗೆಯೂ ಬಂತು. ಅಂದು ರಾತ್ರಿ ನಾವು ಫೋಟೋಗಳ ವಿಷಯವನ್ನು ಹೇಳಿದೆವು. ಅವರು ಬಹಳ ಹೊತ್ತು ನಕ್ಕರು. ತಾವು ಕಳುಹಿಸಿದ ಫೋಟೋಗಳಲ್ಲಿ ಎಲ್ಲಿಯೂ ತಮ್ಮ ಕಾಲು ಕಾಣುವುದಿಲ್ಲವೆಂಬುದನ್ನು ಆಮೇಲೆ ತೆಗೆದು ತೋರಿಸಿದರು.

ಇಲ್ಲಿ ಒಂದು ಮಾತು. ಅಂಗವೈಕಲ್ಯವನ್ನು ಎಲ್ಲರಿಗೂ ಹೇಳಿಕೊಂಡು ತಿರುಗಬೇಕೆಂದು ನಾವು ಹೇಳುತ್ತಿಲ್ಲ. ಅದು ಅವರವರ ವಿಷಯ, ಹೇಳದಿರುವುದು ಸುಳ್ಳೂ ಅಲ್ಲ. ಆದರೆ ಒಬ್ಬರ ಮನೆಗೆ ಹೊರಟವರು ತಮ್ಮ ಅಗತ್ಯವನ್ನು ತಿಳಿಸುವುದು, ಕರೆಯುವವರು ತಮ್ಮ ಮನೆಯಲ್ಲಿ ಏನಿದೆ ಏನಿಲ್ಲವೆಂದು ಮೊದಲೇ ಹೇಳುವುದು, ಇವೆರಡೂ ಆತಿಥ್ಯದ ಭಾಗಗಳೇ. ಪ್ರವಾದಿ(ಸ)ರು ಆತಿಥ್ಯಕ್ಕೆ ಮೂರು ದಿನಗಳ ಮಿತಿ ಹೇಳಿ, ಅದಕ್ಕೂ ಮೀರಿದ್ದು ದಾನವೆಂದರು, ಮನೆಯವರನ್ನು ಇಕ್ಕಟ್ಟಿಗೆ ಸಿಲುಕಿಸುವಷ್ಟು ಕಾಲ ಅತಿಥಿ ತಂಗಬಾರದೆಂದರು. ಇಕ್ಕಟ್ಟು ದಿನಗಳ ಲೆಕ್ಕದಿಂದ ಮಾತ್ರ ಹುಟ್ಟುವುದಿಲ್ಲ, ಹೇಳದೆ ಉಳಿದ ಮಾತಿನಿಂದಲೂ ಹುಟ್ಟುತ್ತದೆ.

ಎರಡನೆಯ ದಿನ ಊರು ನೋಡಲು ಹೊರಟೆವು. ಸಾಮಾನ್ಯವಾಗಿ ನಮ್ಮಲ್ಲಿ ಅತಿಥಿಗಳು ಬಂದರೆ ಗಂಡಸರು ಗಾಡಿಯಲ್ಲಿ ತಿರುಗುತ್ತಾರೆ, ಹೆಂಗಸರು ಒಲೆಯ ಮುಂದೆ ಉಳಿಯುತ್ತಾರೆ. ಸಂಜೆ ದಣಿದು ಬಂದ ಗಂಡಸರಿಗೆ ಬಿಸಿ ರೊಟ್ಟಿ ಸಿಗುತ್ತದೆ. ಈ ಸಲ ಹಾಗಾಗಬಾರದೆಂದು ಮನೆಯವರು ಹಿಂದಿನ ರಾತ್ರಿಯೇ ತೀರ್ಮಾನಿಸಿ ಕಟಿ ರೊಟ್ಟಿ, ಗುರೆಳ್ಳು ಚಟ್ನಿ, ಬದನೆಕಾಯಿ ಎಣ್ಣೆಗಾಯಿಯ ಬುತ್ತಿ ಕಟ್ಟಿಟ್ಟಿದ್ದರು. ಅಮ್ಮನೂ ಮಕ್ಕಳೂ ಸೇರಿ ಎಲ್ಲರೂ ಬಾಡಿಗೆ ಗಾಡಿ ಹತ್ತಿದೆವು. ಎರಡೂ ಬದಿಗೆ ಎರೆ ಹೊಲ, ಬಿಳಿಜೋಳ, ಕಡಲೆ, ಕಣದಲ್ಲಿ ಹರವಿದ ಕೆಂಪು ಮೆಣಸಿನಕಾಯಿ. ತೆಂಗು, ಅಡಕೆಯ ನಾಡಿನವರಿಗೆ ಮರವೇ ಇಲ್ಲದ ಇಷ್ಟು ದೊಡ್ಡ ಬಯಲು ಹೊಸದು. ಒಂದು ಹೊಲದ ಬದುವಿನಲ್ಲಿ ಸುಲಗಾಯಿ ಸುಟ್ಟು ತಿಂದೆವು. ಎಲ್ಲರ ಬಾಯಿಯೂ ಕಪ್ಪಾಯಿತು.

ಮೊದಲು ಶಿಶುನಾಳ. ಶರೀಫ್ ಸಾಹೇಬರು (1819–1889) ನಮ್ಮೂರಿನ ನೆರೆಯವರೇ. ಅವರ ಗುರು ಗೋವಿಂದ ಭಟ್ಟರ ಕಳಸ ನಮ್ಮ ಕುಂದಗೋಳ ತಾಲ್ಲೂಕಿನದೇ. ಮುಸ್ಲಿಮ್ ಮನೆಯ ಮಗ ಬ್ರಾಹ್ಮಣ ಗುರುವಿನ ಬಳಿ ಕಲಿತ ಆ ಕಥೆಯನ್ನು ನಾಡೆಲ್ಲ ಬಲ್ಲದು. 1990ರ ನಾಗಾಭರಣರ ಚಿತ್ರದ ಮೂಲಕ ಅತಿಥಿಗಳೂ ಬಲ್ಲರು. ಗದ್ದುಗೆ, ಗೋರಿಗಳ ವಿಷಯದಲ್ಲಿ ನಮ್ಮ ಸಮುದಾಯದಲ್ಲಿ ಭಿನ್ನಾಭಿಪ್ರಾಯವಿದೆ, ನಮ್ಮಿಬ್ಬರಲ್ಲಿಯೂ ಇತ್ತು. ನೋಡಲು ಬಂದಿದ್ದೇನೆ, ಬೇಡಲು ಬಂದಿಲ್ಲ ಎಂದರು ಅವರು. ಗೋರಿ ಮರಣವನ್ನು ನೆನಪಿಸುತ್ತದೆಂಬ ಕಾರಣಕ್ಕೆ ಸಂದರ್ಶನಕ್ಕೆ ಪ್ರವಾದಿ(ಸ)ರು ಅನುಮತಿ ನೀಡಿದ್ದಾರಲ್ಲ. ಈ ವಿಷಯವಾಗಿಯೇ ಫೋನಿನಲ್ಲಿ ಒಮ್ಮೆ ನಾವು ವಾರಗಟ್ಟಲೆ ವಾದಿಸಿದ್ದೆವು. ಅಲ್ಲಿ ನಿಂತಾಗ ವಾದ ಐದು ನಿಮಿಷದಲ್ಲಿ ಮುಗಿಯಿತು.

ಲಕ್ಷ್ಮೇಶ್ವರದಲ್ಲಿ ಮಾತ್ರ ನಾವು ನಾಚಿದೆವು. ನಾವು ಸಂತೆಗೂ ಆಸ್ಪತ್ರೆಗೂ ನೂರಾರು ಸಲ ಹೋಗಿಬಂದ ಊರದು. ಅದು ಹಳೆಯ ಪುಲಿಗೆರೆ, 941ರಲ್ಲಿ ಕಾವ್ಯ ರಚಿಸಿದ ಪಂಪ ಮೆಚ್ಚಿಕೊಂಡ ಕನ್ನಡ ಈ ಊರಿನದು ಎಂದು ಗೋವಿಂದ ಪೈಯವರ ಊರಿನಿಂದ ಬಂದವರು ನಮ್ಮ ಮಕ್ಕಳಿಗೆ ಹೇಳುತ್ತಿದ್ದರು. ಗುಡಗೇರಿಯಲ್ಲಿಯೇ ದೊರೆತ 1076ರ ಜೈನ ಶಾಸನದಲ್ಲಿ ಪುಲಿಗೆರೆಯ ಬಸದಿಯೊಂದರ ಪ್ರಸ್ತಾಪವಿದೆ ಎಂಬುದೂ ಅವರಿಗೆ ಗೊತ್ತು, ನಮಗೆ ಗೊತ್ತಿರಲಿಲ್ಲ. ಆದಿಲ್‌ಶಾಹಿ ಅಧಿಕಾರಿ ಅಂಕುಶ್ ಖಾನ್ 1617ರಲ್ಲಿ ಕಟ್ಟಿಸಿದ ಜುಮ್ಮಾ ಮಸೀದಿಯಲ್ಲಿ ಕಲ್ಲಿನಲ್ಲಿ ಕಡೆದು ತೂಗುಬಿಟ್ಟ ಸರಪಳಿಗಳಿವೆ. ನಾವು ಅದರ ಕೆಳಗೆ ಎಷ್ಟೋ ಸಲ ಹಾದುಹೋಗಿದ್ದೇವೆ. ಅವರ ನಡಿಗೆಯ ವೇಗಕ್ಕೆ ನಡೆದಾಗಲೇ ತಲೆಯೆತ್ತಿ ನೋಡಿದ್ದು.

ಅಲ್ಲಿಯೇ ಅಸರ್ ಸಮಯ ಬಂತು, ಅಂದರೆ ಅವರಿಗೆ ಬಂತು. ಕರಾವಳಿಯವರು ಶಾಫಿಈ, ನಾವು ಹನಫೀ. ಜನವರಿಯ ಸಂಜೆಯಲ್ಲಿ ಎರಡರ ನಡುವೆ ಸುಮಾರು ಮುಕ್ಕಾಲು ಗಂಟೆಯ ಅಂತರ. ಪ್ರಯಾಣಿಕರಾದ ಅವರಿಗೆ ಎರಡೇ ರಕಅತ್‌ಗಳ ರಿಯಾಯಿತಿಯೂ ಇತ್ತು, ಮಾಡಿ ಮುಗಿಸಿ ವಿಶ್ರಮಿಸಬಹುದಿತ್ತು. ಕಾಲು ನೋಯುತ್ತಿದ್ದುದು ಮುಖದಲ್ಲಿಯೇ ಕಾಣುತ್ತಿತ್ತು. ಆದರೂ ಅವರು ಕಾದು ಕುಳಿತರು. ಜಮಾಅತ್ ನಿಂತಾಗ ಊರಿನ ಇಮಾಮರ ಹಿಂದೆ ಕುರ್ಚಿಯಲ್ಲಿ ಕುಳಿತು ನಾಲ್ಕೂ ರಕಅತ್ ಪೂರೈಸಿದರು. ಸಫರ್ ಎಂಬ ಶಬ್ದಕ್ಕೆ ತೆರೆದು ತೋರಿಸುವುದೆಂಬ ಅರ್ಥದ ನಂಟಿದೆ, ಪ್ರಯಾಣ ಮನುಷ್ಯನ ಸ್ವಭಾವವನ್ನು ತೆರೆದು ತೋರಿಸುತ್ತದೆಂದು ಇಮಾಮ್ ಗಝಾಲಿ ಬರೆದಿದ್ದಾರೆ. ಮೂರು ವರ್ಷಗಳ ಸಂದೇಶಗಳು ತಿಳಿಸದ್ದನ್ನು ಆ ಮುಕ್ಕಾಲು ಗಂಟೆ ತಿಳಿಸಿತು.

ಹಣದ ಪರೀಕ್ಷೆಯೂ ನಡೆಯಿತೆನ್ನಿ. ನಾವು ಮಸೀದಿಯ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಾಗ ಅವರು ಡ್ರೈವರನ ಕೈಗೆ ಡೀಸೆಲ್ ಹಣ ಕೊಟ್ಟುಬಿಟ್ಟಿದ್ದರು. ಅಮ್ಮ ಅದನ್ನು ವಾಪಸು ಕೊಡಿಸಿದರು. ಇಬ್ಬರಲ್ಲಿ ಯಾರೂ ಸೋಲಲು ಸಿದ್ಧರಿರಲಿಲ್ಲ, ಕೊನೆಗೆ ಆ ಹಣ ಮಕ್ಕಳ ಪಾಲಿನ ಮಿಠಾಯಿಯಾಯಿತು.

ಹದಿಹರೆಯದ ಮಕ್ಕಳಿರುವ ಮನೆಗಳಿಗೆ ಇದರಲ್ಲಿ ನಾವು ಹೇಳಬೇಕಾದ ಮಾತೊಂದಿದೆ. ಮಗನಿಗೋ ಮಗಳಿಗೋ ಫೋನಿನಲ್ಲಿ ಗೆಳೆತನವಿದೆಯೆಂದು ತಿಳಿದಾಗ ನಾವು ಮಾಡುವುದು ಫೋನು ಕಸಿದುಕೊಳ್ಳುವುದು. ಗೆಳೆತನ ಆಗ ಹಿತ್ತಿಲ ಬಾಗಿಲಿಗೆ ಹೋಗುತ್ತದೆ, ಭೇಟಿ ಯಾವುದೋ ಬಸ್ ನಿಲ್ದಾಣದಲ್ಲಿ ನಡೆಯುತ್ತದೆ. ಮಗನ ಗೆಳೆಯನಾದರೆ ಮನೆಗೇ ಬರಲಿ, ಮಗಳ ಗೆಳತಿಯಾದರೆ ಅವಳ ತಾಯಿಯ ಜೊತೆ ಬರಲಿ, ಹಗಲಿನಲ್ಲಿ, ಮುಂಬಾಗಿಲಿನಿಂದ ಎಂದು ನಾವೇ ಹೇಳಬಾರದೇಕೆ? ಪ್ರಾಮಾಣಿಕರಾದವರು ಬರುತ್ತಾರೆ. ಹಾಗಲ್ಲದವರು ನೆಪ ಹೇಳುತ್ತಾರೆ, ನೆಪವೂ ಒಂದು ಉತ್ತರವೇ. ಐದು ಸಾವಿರ ತರಿಸಿಕೊಂಡವರನ್ನು ನಾವು ಎರಡು ಸಲ ಊರಿಗೆ ಕರೆದಿದ್ದೆವು. ಎರಡು ಸಲವೂ ನೆಪ ಬಂದಿತ್ತು. ಅಂದು ನಮಗೆ ಅದು ಅರ್ಥವಾಗಲಿಲ್ಲ. ಬಂದವರನ್ನು ಮಕ್ಕಳಿಗಿಂತ ಚೆನ್ನಾಗಿ ಅಜ್ಜಿ ಓದುತ್ತಾಳೆ. ಕುಡಿಯದೆ ಬಿಟ್ಟ ನೀರನ್ನು ಲೆಕ್ಕವಿಟ್ಟವರು ನಮ್ಮಲ್ಲಿ ಬೇರಾರೂ ಇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವರನ್ನು ಹುಬ್ಬಳ್ಳಿಯ ರೈಲಿಗೆ ಹತ್ತಿಸಿದೆವು. ಇನ್ನೊಂದು ದಿನ ಇರಿ ಎಂದು ಮಕ್ಕಳು ಹಟ ಹಿಡಿದಾಗ, ಮೂರು ದಿನ ಮುಗಿಯಿತು, ಇನ್ನು ತಿಂದರೆ ಸದಕಾ ತಿಂದ ಹಾಗೆ ಎಂದು ನಕ್ಕರು. ಗೌಡರ ಮನೆಯ ಕುರ್ಚಿಯನ್ನು ನಾವು ತೊಳೆದು ಹಿಂತಿರುಗಿಸಲು ಹೋದೆವು. ನಿಮ್ಮಲ್ಲೇ ಇರಲಿ, ಅವರು ಮತ್ತೆ ಬಂದಾಗ ಬೇಕಾಗುತ್ತದೆ ಎಂದರು.

ಈದ್ ಕಳೆದ ಮೇಲೆ ನಾವು ಮಂಜೇಶ್ವರಕ್ಕೆ ಹೋಗಬೇಕಾಗಿದೆ. ಅಮ್ಮನೂ ಹೊರಟಿದ್ದಾರೆ. ಅವರು ಸಮುದ್ರ ನೋಡಿಲ್ಲ. ಅಲ್ಲಿಯವರ ಕುಚ್ಚಲಕ್ಕಿ ಅನ್ನ ತಮ್ಮ ಹಲ್ಲಿಗೆ ಆಗುತ್ತದೋ ಇಲ್ಲವೋ ಎಂದು ಈಗಲೇ ಫೋನಿನಲ್ಲಿ ವಿಚಾರಿಸಿಕೊಂಡಿದ್ದಾರೆ.