ಹಾಸಿಗೆ ಹಾಸಿದ ಮೇಲೂ...

ಕತ್ತಲಾದಲ್ಲಿ, ಕೆರೆದಂಡೆಯೋ ಕಡಲತೀರವೋ, ಕಾಸು ಕೊಡದೆ ಬಿಡಾರ ಹೂಡುವುದು ನ್ಯೂಜಿಲೆಂಡಿನವರ ಹಳೇ ರೂಢಿ. ಪ್ರವಾಸಿಗರು ಹೆಚ್ಚಿದಂತೆ ಪೊದೆಮರೆಯ ಹೇಸಿಗೆಯೂ ಹೆಚ್ಚಿತು. ರಗ್ಬಿ ವಿಶ್ವಕಪ್ ನಡೆದ 2011ರಲ್ಲಿ ಇದಕ್ಕೊಂದು ಕಾನೂನು ಬಂತು. ಅದರಲ್ಲಿ ನನಗೆ ಹಿಡಿಸಿದ್ದು ಇದು: ಸ್ಥಳೀಯ ಆಡಳಿತ ಕೆಲವು ಜಾಗಗಳಲ್ಲಿ ಬಿಡಾರ ನಿಷೇಧಿಸಬಹುದು, ತನ್ನ ಇಡೀ ಸರಹದ್ದಿಗೇ ಬೇಲಿ ಹಾಕುವಂತಿಲ್ಲ.

2023ರ ತಿದ್ದುಪಡಿಯಂತೂ ವ್ಯಾನಿನೊಳಗೇ ಇಣುಕಿತು. ಆಡಳಿತದ ಜಾಗದಲ್ಲಿ, ವಿನಾಯಿತಿಯಿರುವ ತಾಣಗಳ ಹೊರತು, ವಾಹನದಲ್ಲಿ ಮಲಗುವವರಿಗೆ ಅದರಲ್ಲೇ ಕದಲದಂತೆ ಕೂರಿಸಿದ ಶೌಚಾಲಯ ಬೇಕು. ಹಾಸಿಗೆ ಹಾಸಿದ ಮೇಲೂ ಅದು ಬಳಸುವಂತಿರಬೇಕು! ಸೀಟಿನಡಿ ತಳ್ಳಿದ ಡಬ್ಬಿ ನಡೆಯದು.

ನಗು ಬರುತ್ತದೆ, ನಿಜ. ಆದರೆ ನಡುರಾತ್ರಿ ಎದ್ದು, ಹಾಸಿಗೆ ಮಡಚಿ, ಡಬ್ಬಿ ಎಳೆಯುವವರು ಯಾರು ಸ್ವಾಮಿ? ಪೊದೆಯೇ ಹತ್ತಿರ.